ಭುಜದವರೆಗೆ ಹೋದ ಕೈ

ಮಕಾವ್‌ನ ಆ ಹೋಟೆಲಿನೊಳಗೆ ಹಿಮದ ನಾಡೊಂದನ್ನು ಕಟ್ಟಿ ನಿಲ್ಲಿಸಿದ್ದರು. ಮರದ ಮನೆಗಳು, ಬಣ್ಣ ಬಳಿದ ಪರ್ವತಗಳು, ಆಗಾಗ ಛಾವಣಿಯಿಂದ ಉದುರುವ ಸೋಪಿನ ನೊರೆಯ ಮಂಜು; ಹೊರಗೆ ಬೆವರು ಹರಿಯುವ ದಿನಗಳಲ್ಲೂ ಒಳಗೆ ದೇವದಾರುವಿನ ತಣ್ಣನೆಯ ಪರಿಮಳ. ಮೇಲಿನ ಕೋಣೆಗಳಲ್ಲಿ ಅಮೃತಶಿಲೆಯ ಸ್ನಾನದ ತೊಟ್ಟಿಗಳಿವೆ, ದಿಂಬನ್ನು ಸಹ ಪಟ್ಟಿ ನೋಡಿ ಆರಿಸಿಕೊಳ್ಳಬಹುದು ಎಂದು ಕಾಮ್ ಫೋಂಗ್ ಕೇಳಿ ಬಲ್ಲಳೇ ಹೊರತು ಕಂಡವಳಲ್ಲ. ಅವಳ ಪಾಲಿಗೆ ಬಂದದ್ದು ಕೆಳಗಿನ ಜೂಜಿನ ಅಂಗಳ ಮತ್ತು ಚಹಾದ ತಳ್ಳುಗಾಡಿ. ಆಡುತ್ತಿರುವವನ ಭುಜ ಮುಟ್ಟಬಾರದು, ಮುಟ್ಟಿದರೆ ಅವನ ಅದೃಷ್ಟ ಇಳಿದುಹೋಗುತ್ತದೆ ಎಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಊರಿನಲ್ಲಿ ಅದು ತಾಯಿಯ ಹಾಲಿನೊಂದಿಗೇ ಬರುವ ತಿಳಿವಳಿಕೆ.

ಅವಳ ಅಣ್ಣ ಹೋಯ್ ಸೆಂಗ್ ಮೀನುದೋಣಿಯನ್ನು ಮಾರಿದ ಮೇಲೆ ಅಲ್ಲಿಗೇ ಬರತೊಡಗಿದ್ದ.

"ಬಂದ್ಯಾ ಮಹಾರಾಣಿ? ನಿನ್ ಚಹಾ ಕುಡಿದ್ರೆ ಸೋಲೋದು ಗ್ಯಾರಂಟಿ," ಎನ್ನುತ್ತಿದ್ದ.

"ಸೋಲೋಕೆ ನನ್ ಚಹಾ ಯಾಕಣ್ಣ, ನಿನ್ ಬುದ್ಧಿ ಸಾಲದಾ?" ಎಂದು ಇವಳು ಲೋಟ ಇಡುತ್ತಿದ್ದಳು.

ಒಂದು ಮಧ್ಯಾಹ್ನ ತಾಯಿ ಇದ್ದ ಆಸ್ಪತ್ರೆಯಿಂದ ಕರೆ ಬಂತು. ತಾಯಿಗೆ ಉಸಿರು ಎಳೆಯುತ್ತಿದೆ, ಮಗನನ್ನು ಕೇಳುತ್ತಿದ್ದಾರೆ, ತಡಮಾಡಬೇಡಿ ಎಂದರು. ಮೇಲ್ವಿಚಾರಕಿ, "ಫೋಂಗಕ್ಕ, ಗಾಡಿ ಇಲ್ಲೇ ಬಿಡಿ, ಓಡಿ ಮೊದ್ಲು," ಎಂದಳು. ಫೋಂಗ್ ಅಣ್ಣನ ಮೇಜಿನತ್ತ ಓಡಿದಳು.

ಅಲ್ಲಿ ಜನ ಮುತ್ತಿಕೊಂಡಿದ್ದರು. ಎಷ್ಟೋ ವರ್ಷಗಳ ಮೇಲೆ ಹೋಯ್ ಸೆಂಗ್ ಬಿಡದೆ ಗೆಲ್ಲುತ್ತಿದ್ದ.

"ಅಣ್ಣಾ, ಅಮ್ಮ..."

"ಅಮ್ಮ ಬೈತಾಳೆ, ಗೊತ್ತು! ಹಿಂದೆ ನಿಂತು ಮಾತಾಡ್ಬೇಡ ಮಾರಾಯ್ತಿ. ಇದೊಂದು ಆಟ."

ಫೋಂಗ್‌ಳ ಕೈ ಮೇಲೆದ್ದು ಅವನ ಭುಜದ ತನಕ ಹೋಯಿತು. ಅಂಗಿಗೆ ತಾಕುವ ಮುನ್ನ ನಿಂತಿತು. ಅವನು ಇಸ್ಪೀಟಿನ ಎಲೆಯ ಅಂಚನ್ನು ಮೆಲ್ಲನೆ ಮಡಚಿ, ಬೇಡದ ಚುಕ್ಕಿಗಳು ಹಾರಿಹೋಗಲೆಂಬಂತೆ ಊದಿದ. ಸುತ್ತಲಿನವರು ಉಸಿರು ಹಿಡಿದರು. ಅವಳ ಕಣ್ಣೂ ಆ ಅಂಚಿನಲ್ಲೇ ಸಿಕ್ಕಿಕೊಂಡಿತು. ಗೆದ್ದ. ಜನ ಮೇಜು ಕುಟ್ಟಿ ಕೂಗಿದರು. ಆ ಗದ್ದಲ ಅಡಗುವಷ್ಟರಲ್ಲಿ ಮುಂದಿನ ಎಲೆ ಬಂದಿತ್ತು. ಅದನ್ನೂ ಅವಳು ನೋಡಿದಳು, ಅದರ ಮುಂದಿನದನ್ನೂ.

ಕೊನೆಗೊಮ್ಮೆ ಅವನು ಸೋತು ತಿರುಗಿದಾಗ ವಿಷಯ ಹೇಳಿದಳು. ಇಬ್ಬರೂ ಟ್ಯಾಕ್ಸಿ ಹಿಡಿದರು. ಆಸ್ಪತ್ರೆ ತಲುಪಿದಾಗ ನರ್ಸ್ ತಾಯಿಯ ಮುಖದ ಮೇಲೆ ಹೊದಿಕೆ ಎಳೆದಾಗಿತ್ತು.

ಉತ್ತರಕ್ರಿಯೆಯ ದಿನ ಅಣ್ಣತಂಗಿಯರು ಬಾಣಲೆಯ ಬೆಂಕಿಗೆ, ತಾಯಿಗೆ ತಲುಪಲೆಂದು, ಕಾಗದದ ಕಾಣಿಕೆಗಳನ್ನು ಒಂದೊಂದಾಗಿ ಹಾಕುತ್ತಿದ್ದರು. ಹೊಗೆಗೆ ಮುಖ ತಿರುಗಿಸಿಕೊಂಡೇ ಅವನು ಕೇಳಿದ:

"ಯಾಕೆ ಫೋಂಗ್, ಭುಜ ಹಿಡಿದು ಎಳೀಬಾರ್ದಿತ್ತಾ ನನ್ನ?"

"ಗೆಲ್ತಾ ಇದ್ಯಲ್ಲಣ್ಣ."

ಅವನು ತಲೆಯಾಡಿಸಿದ, ಆ ಉತ್ತರವನ್ನು ಒಪ್ಪಿಕೊಂಡಂತೆಯೇ ಇತ್ತು. ಇನ್ನೊಂದು ಮಾತನ್ನೂ ಸೇರಿಸಬೇಕೆಂದು ಫೋಂಗ್ ಬಾಯಿ ತೆರೆದಳು. ಆ ಎಲೆಯನ್ನು ತನಗೂ ನೋಡಬೇಕೆನಿಸಿತ್ತು ಎಂಬ ಮಾತು ಅದು. ಅಷ್ಟರಲ್ಲಿ ನೆಂಟರು ಬಂದರು. ಅವಳು ಎದ್ದು ಅವರಿಗೆ ಚಹಾ ಬಗ್ಗಿಸತೊಡಗಿದಳು.