ಹಾಡಿಕೊಂಡು ಅಳುವ ಅವ್ವ, ಅಕ್ಕನ ಇಂಗ್ಲಿಷ್ ಪದ

ನಾನು ಚಿಕ್ಕವನಿದ್ದಾಗ ಗಬ್ಬೂರಿನ ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದುದು ಅಕ್ಕನೊಬ್ಬಳಿಗೇ. ಆ ಸಂಜೆ ಅವಳು ಒಲೆಯ ಬೆಳಕಿನಲ್ಲಿ ಹೊಸ ಪದವೊಂದನ್ನು ಬಾಯಿಪಾಠ ಮಾಡುತ್ತಿದ್ದಳು: ಟಿಯರ್‌ಫುಲ್. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸುಟ್ಟ ಜೋಳದ ವಾಸನೆ, ಪುಂಡಿ ಪಲ್ಯದ ಹುಳಿ ವಾಸನೆ ಮನೆ ತುಂಬಿತ್ತು. ರಾಯಚೂರಿನ ಗಂಜಿನಲ್ಲಿ, ಅಂದರೆ ಸಗಟು ಮಾರುಕಟ್ಟೆಯಲ್ಲಿ, ಹತ್ತಿ ಮೂಟೆ ಹೊತ್ತು ಬಂದಿದ್ದ ಅಪ್ಪನ ತಲೆಗೂದಲಿಗೆ ಇನ್ನೂ ಹತ್ತಿಯ ಎಳೆ ಅಂಟಿತ್ತು.

"ಹಂಗಂದ್ರೇನಕ್ಕ?" ಎಂದೆ.

"ಕಣ್ಣಾಗ ನೀರು ತುಂಬಿರೋದು. ಮನಷ್ಯಾಗೂ ಅನ್ನಬೌದು, ಮಕಕ್ಕೂ ಅನ್ನಬೌದು, ದನಿಗೂ ಅನ್ನಬೌದು."

ದನಿಗೆ ಕಣ್ಣೆಲ್ಲಿದೆ? ನನಗೆ ಅದೇ ಕುತೂಹಲ. "ಹಂಗಾರ ನಮ್ಮವ್ವ ಟಿಯರ್‌ಫುಲ್ಲೇನು?" ಎಂದು ಕೇಳಿದೆ.

ಕೇಳಲು ಕಾರಣವಿತ್ತು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಹೋದವರು ಹೇಗೆ ನಡೆಯುತ್ತಿದ್ದರು, ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರು, ಯಾರಿಗೆ ಏನು ಕೊಟ್ಟರು ಎಂದು ರಾಗ ಎಳೆದು ಹೇಳುತ್ತಿದ್ದರು. ಅದರಲ್ಲಿ ಅವ್ವನದು ಎತ್ತಿದ ಕೈ. ಯಾರ ಮನೆಯಲ್ಲಿ ಸಾವಾದರೂ ಅವಳನ್ನು ಕರೆಯುತ್ತಿದ್ದರು.

ಅಪ್ಪ ನಕ್ಕ. "ನಿಮ್ಮವ್ವಗ ಇಂಗ್ಲೀಷಿನ್ಯಾಗೂ ಹೆಸರು ಬಂತು ನೋಡು."

"ಸುಮ್ನ ಉಣ್ರಿ. ನಿಮ್ಮ ಗೊರಕಿ ಮ್ಯಾಲೂ ಒಂದು ಹಾಡು ಕಟ್ಟೀನಿ," ಎಂದಳು ಅವ್ವ.

ನಾವು ನಾಲ್ವರೂ ಕೂಡಿ ಉಂಡದ್ದು ಅದೇ ಕೊನೆ. ಮರುದಿನ ಗಂಜಿನಲ್ಲಿ ಅಪ್ಪ ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲ.

ಅಪ್ಪನನ್ನು ಮನೆಗೆ ತಂದು, ಸತ್ತವರನ್ನು ಕೂಡಿಸುವ ನಮ್ಮ ಕಡೆಯ ವಾಡಿಕೆಯಂತೆ ಗೋಡೆಗೆ ಒರಗಿಸಿದರು. ಊದಿನಕಡ್ಡಿಯ ಹೊಗೆ ಕಣ್ಣಿಗೆ ಚುಚ್ಚುತ್ತಿತ್ತು. ಊರಿಗೆಲ್ಲ ಅತ್ತಿದ್ದ ಅವ್ವ ಮಾತ್ರ ಒಣ ಕಣ್ಣಲ್ಲಿ ಕುಳಿತಿದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ, ಕರೆದರೆ ತಿರುಗಲಿಲ್ಲ.

"ಅಕೀನ ಅಳಸ್ರಿ ಯವ್ವಾ. ಹಿಂಗ ಒಳಗ ಇಟಗೊಂಡ್ರ ಅಕೀನೂ ಉಳ್ಯಾಂಗಿಲ್ಲ," ಎಂದಳು ಪಕ್ಕದ ಮನೆಯ ಮುದುಕಿ. ಅವ್ವನೂ ಹೋಗಿಬಿಟ್ಟರೆ ಎಂದು ನಾನು ಅವಳ ಸೆರಗು ಹಿಡಿದುಕೊಂಡೆ.

ಆಗ ಅಕ್ಕ ಎದ್ದು ಅಪ್ಪನ ಮುಂದೆ ಕುಳಿತಳು. ಹಿಂದೆಂದೂ ಅವಳು ಹಾಡಿಕೊಂಡು ಅತ್ತವಳಲ್ಲ. ಶಾಲೆಯಲ್ಲಿ ಪಾಠ ಓದಿದ ಹಾಗೆ ಶುರು ಮಾಡಿದಳು: "ಕೈ ತೊಳಕೊಂಡೇ ನನ್ನ ಪುಸ್ತಕ ಮುಟ್ಟತಿದ್ದೆಲ್ಲೋ ಯಪ್ಪಾ."

ಅವ್ವ ತಲೆ ಎತ್ತಿದಳು. "ಹಂಗಲ್ಲಬೇ," ಎಂದಳು ಮೆಲ್ಲಗೆ. "ಯಪ್ಪಾ ಅನ್ನೂದನ್ನ ಉದ್ದಕ ಎಳೀಬೇಕು."

ಹೇಗೆಂದು ತೋರಿಸಲು ತಾನೇ ಎಳೆದಳು. ಅರ್ಧಕ್ಕೆ ದನಿ ನಡುಗಿತು, ಒದ್ದೆಯಾಯಿತು. ಕಣ್ಣೀರು ಆಮೇಲೆ ಬಂತು. ಆ ಪದವನ್ನು ದನಿಗೂ ಅನ್ನಬಹುದೆಂದು ಅಕ್ಕ ಹೇಳಿದ್ದು ಏಕೆಂದು ನನಗೆ ಆಗ ತಿಳಿಯಿತು. ಬಹಳ ಹೊತ್ತಿನ ಮೇಲೆ ಮುದುಕಿ ನೀರು ಹಿಡಿದಳು. ಅವ್ವ ಕುಡಿದಳು.

ನಮ್ಮ ಮನೆಯ ಮಕ್ಕಳೇ, ಈಗ ನಿಮ್ಮ ಫೋನು ಟಿಯರ್‌ಫುಲ್ ಪದದ ಅರ್ಥವನ್ನು ಕೇಳಿದ ಕೂಡಲೇ ಹೇಳುತ್ತದೆ, ಉಚ್ಚಾರವನ್ನೂ ಕೇಳಿಸುತ್ತದೆ. ಮೊನ್ನೆ ಮಾನ್ವಿಯಲ್ಲಿ ಅಕ್ಕ ತೀರಿಕೊಂಡಾಗ ನೀವೆಲ್ಲ ಫೋನಿನಲ್ಲಿ ಅಳುವ ಹಳದಿ ಮುಖಗಳನ್ನು ಕಳಿಸಿದಿರಿ. ಪ್ರೀತಿಯಿಂದಲೇ ಕಳಿಸಿದ್ದೆಂದು ಗೊತ್ತು. ಅವಳ ಮನೆಯಲ್ಲೂ ಎಲ್ಲರೂ ಸದ್ದಿಲ್ಲದೆ ಅತ್ತರು, ಕಣ್ಣೊರೆಸಿಕೊಂಡರು. ಅಕ್ಕ ಎಂಥವಳಾಗಿದ್ದಳೆಂದು ರಾಗ ಎಳೆದು ಹೇಳಲು ಅಲ್ಲಿ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ. ಅಕ್ಕನಿಗೆ ಆ ಅಳು ಇನ್ನೂ ಸಿಕ್ಕಿಲ್ಲ.