ಬುಟ್ಟಿ ಹೆಣೆದ ಕೈಗೆ ಗೇರಿನ ಗಾಲಿ

ಶಿಕಾರಿಪುರದ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಬಾಗಿಲ ಹಲಗೆ ತೆಗೆಯುವುದು ಕೆಂಪಪ್ಪನ ಸೈಕಲ್ ಅಂಗಡಿ. ಪಕ್ಕದ ಹೋಟೆಲಿನವರು ಇನ್ನೂ ಒಲೆ ಹಚ್ಚಿಲ್ಲ. ಜನವರಿಯ ಚಳಿಗೆ ನಾಯಿಗಳು ಕೂಡ ಮುದುರಿಕೊಂಡು ಮಲಗಿವೆ. ಅಂಗಡಿಯ ಜಗಲಿಯ ಮೇಲೆ ಕಂಬಳಿ ಹೊದ್ದ ಹೆಂಗಸೊಬ್ಬರು ಕೂತಿದ್ದಾರೆ. ಅವರ ಮುಂದೆ ಕಂಬಕ್ಕೆ ಬಡಿದು ನಿಲ್ಲಿಸಿದ ಹಳೆಯ ಸೈಕಲ್ ಫೋರ್ಕು, ಅದರೊಳಗೊಂದು ಗಾಲಿ. ಎಡಗೈಯಲ್ಲಿ ಗಾಲಿ ತಿರುಗಿಸಿ, ಬಲಗೈಯ ಸೀಮೆಸುಣ್ಣವನ್ನು ರಿಮ್ಮಿನ ಅಂಚಿಗೆ ತಂದು ನಿಲ್ಲಿಸುತ್ತಾರೆ. ರಿಮ್ಮು ಉಬ್ಬಿದ ಕಡೆ ಮಾತ್ರ ಸುಣ್ಣ ಹತ್ತುತ್ತದೆ. ಅಲ್ಲಿನ ಕಡ್ಡಿಯನ್ನು ಪುಟ್ಟ ಕೀಲಿಯಿಂದ ತುಸು ಸಡಿಲಿಸಿ, ಎದುರು ಬದಿಯದನ್ನು ಅಷ್ಟೇ ಬಿಗಿ ಮಾಡಿ, ಸೆರಗಿನಲ್ಲಿ ಸುಣ್ಣ ಒರೆಸಿ ಮತ್ತೆ ತಿರುಗಿಸುತ್ತಾರೆ. ಸುಣ್ಣ ಎಲ್ಲೂ ಹತ್ತದಿದ್ದರೆ ಬೆಂಡು ಹೋಯಿತೆಂದು ಅರ್ಥ.

ಅಷ್ಟರಲ್ಲಿ ಸೊರಬದ ಮೊದಲ ಬಸ್ಸಿನ ಹಾರನ್ನು ದೂರದಲ್ಲಿ ಕೇಳುತ್ತದೆ. ಆ ಹೆಂಗಸು ಗಾಲಿ, ಕೀಲಿ, ಸುಣ್ಣ ಎಲ್ಲವನ್ನೂ ಎತ್ತಿಕೊಂಡು ಅಂಗಡಿಯ ಹಿಂಬದಿಗೆ ಇಳಿಬಿಟ್ಟ ಗೋಣಿಯ ಪರದೆಯೊಳಗೆ ಸೇರಿಕೊಳ್ಳುತ್ತಾರೆ. ಬಸ್ಸು ಬಂದು ನಿಂತು ಜನ ಇಳಿಯುವ ಹೊತ್ತಿಗೆ ಅದೇ ಜಾಗದಲ್ಲಿ ಕೆಂಪಪ್ಪ ಕೂತಿದ್ದಾರೆ. ನನ್ನನ್ನು ನೋಡಿ, ‘ಬರ್ರಿ, ಪೇಪರ್‌ನೋರು ಅಲ್ರಾ’ ಎಂದು ಕೈ ಮುಗಿಯುತ್ತಾರೆ.

ಬಂದದ್ದು ಅವರ ಬಗ್ಗೆಯೇ ಬರೆಯೋಣವೆಂದು. ಶಿಕಾರಿಪುರ, ಸೊರಬ ಎರಡೂ ಕಡೆ ಸೈಕಲ್ ಇಟ್ಟುಕೊಂಡವರನ್ನು ಕೇಳಿ ನೋಡಿ, ಕೆಂಪಪ್ಪ ಕಟ್ಟಿದ ಗಾಲಿ ರಸ್ತೆ ಹಾಳಾದರೂ ಹಾಳಾಗುವುದಿಲ್ಲ ಎನ್ನುತ್ತಾರೆ. ಆದರೆ ಕೈ ಮುಗಿದಾಗ ನೋಡಿದೆ, ಅವರ ಬೆರಳಲ್ಲಿ ಎಣ್ಣೆಯ ಕಪ್ಪಿದೆ, ಸುಣ್ಣದ ಸುಳಿವಿಲ್ಲ. ಪರದೆಯ ಕಡೆ ತಿರುಗಿ ನೋಡಿದ್ದಕ್ಕೆ ಕೆಂಪಪ್ಪನ ಮುಖ ಇಳಿದುಹೋಯಿತು. ‘ಒಳಗೆ ಬರ್ರಿ. ಆದ್ರೆ ಇದನ್ನ ಬರೀಬ್ಯಾಡ್ರಿ’ ಎಂದರು.

ಪರದೆಯ ಒಳಗಿರುವವರು ಅವರ ಹೆಂಡತಿ ಉಚ್ಚಂಗಮ್ಮ. ಮೂವತ್ತೈದರ ಆಸುಪಾಸಿನ ವಯಸ್ಸು, ಮಿತವಾದ ಮಾತು, ಕೆಲಸ ಮಾಡುವಾಗ ನಾಲಿಗೆಯ ತುದಿಯನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ. ಪಂಕ್ಚರ್, ಬ್ರೇಕು, ಸರಪಳಿ, ಬಾಡಿಗೆ ಸೈಕಲ್ಲು, ಗಿರಾಕಿಗಳ ಮಾತುಕತೆ ಎಲ್ಲವೂ ಕೆಂಪಪ್ಪನದು. ಗಾಲಿ ಮಾತ್ರ ಉಚ್ಚಂಗಮ್ಮನದು. ದಿನಕ್ಕೆ ಐದೋ ಆರೋ ಗಾಲಿಗಳ ಬೆಂಡು ತೆಗೆಯುತ್ತಾರೆ. ಹೊಸದಾಗಿ ಕಟ್ಟುವುದಾದರೆ ಎರಡು. ಸಂತೆಯ ದಿನ ಊಟಕ್ಕೂ ಪುರುಸೊತ್ತಿಲ್ಲ. ಹಗಲೆಲ್ಲ ಆ ಗೋಣಿಯ ಹಿಂದೆ, ಹೆಂಚಿನ ನಡುವೆ ಹಾಕಿದ ಒಂದು ಗಾಜಿನ ತುಂಡಿನಿಂದ ಬೀಳುವ ಬೆಳಕಿನಲ್ಲಿ ಕೆಲಸ. ಬಯಲಿನ ಬೆಳಕಲ್ಲಿ ಕೂರಲು ಸಿಗುವುದು ಮೊದಲ ಬಸ್ಸು ಬರುವ ತನಕ ಮಾತ್ರ.

ದಂಪತಿ ಇಬ್ಬರೂ ಮೇದಾರರ ಮನೆಯವರು. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆದು ಬದುಕಿದ ಮನೆತನಗಳು. ಕೆಂಪಪ್ಪನಿಗೆ ಚಿಕ್ಕಂದಿನಿಂದ ಅಂಟಿದ ಹೆಸರು ‘ಬುಟ್ಟಿ ಕೆಂಪ’. ಆ ಹೆಸರನ್ನು ಕಳಚಿಕೊಳ್ಳಲೆಂದೇ ಶಿವಮೊಗ್ಗಕ್ಕೆ ಹೋಗಿ, ಸೈಕಲ್ ಅಂಗಡಿಯೊಂದರಲ್ಲಿ ಮೂರು ವರ್ಷ ಕೂಳಿಗೆ ದುಡಿದು ಕೆಲಸ ಕಲಿತು ಬಂದರಂತೆ. ಎಲ್ಲ ಬಂತು, ಗಾಲಿ ಕಟ್ಟುವುದು ಬರಲಿಲ್ಲ. ಅವರು ಕಟ್ಟಿದ ಗಾಲಿ ಕುಡುಕನಂತೆ ಓಲಾಡುತ್ತಿತ್ತೆಂದು ಅವರೇ ಹೇಳಿಕೊಂಡು ನಗುತ್ತಾರೆ. ಒಂದು ದಿನ ಊಟ ತಂದಿದ್ದ ಉಚ್ಚಂಗಮ್ಮ ಗಂಡ ಕಡ್ಡಿಗಳೊಂದಿಗೆ ಜಗಳವಾಡುವುದನ್ನು ನೋಡುತ್ತ ನಿಂತಿದ್ದರು.

‘ನಂಗೆ ಅದು ಗಾಲಿ ಅಂತ ಕಾಣ್ಲೇ ಇಲ್ರಿ’ ಎನ್ನುತ್ತಾರೆ ಉಚ್ಚಂಗಮ್ಮ. ‘ಬುಟ್ಟಿ ತಳ ಇದ್ದಂಗೆ ಕಾಣ್ತು. ಒಂದು ಕಡ್ಡಿ ಎರಡರ ಮ್ಯಾಲೆ ಹೋಗಿ ಮೂರನೇದರ ಕೆಳಗೆ ಹಾಯ್ಬೇಕು. ಇವ್ರು ಎಲ್ಲಾನೂ ಮ್ಯಾಲೆ ಮ್ಯಾಲೆ ಹಾಕ್ತಿದ್ರು. ಹಂಗೆ ಹಾಕಿದ್ರೆ ಒಂದಕ್ಕೊಂದು ಆತುಕೊಳ್ಳಂಗಿಲ್ಲ.’

ಅವತ್ತಿನಿಂದ ಗಾಲಿಯ ಕೆಲಸ ಅವರದಾಯಿತು. ಮೊದಮೊದಲು ಜಗಲಿಯ ಮೇಲೆಯೇ ಕೂತು ಕಟ್ಟುತ್ತಿದ್ದರು. ಮರದ ನಾಟಾ ವ್ಯಾಪಾರದ ಒಬ್ಬ ದೊಡ್ಡ ಗಿರಾಕಿ ಅದನ್ನು ಕಂಡು, ಹೆಂಗಸು ಕಟ್ಟಿದ ಗಾಲಿಯನ್ನು ನಂಬಿ ಇಳಿಜಾರು ಇಳಿಯಲಾರೆನೆಂದು ಅರ್ಧ ಕೆಲಸದ ಸೈಕಲ್ಲನ್ನೇ ತಳ್ಳಿಕೊಂಡು ಹೋದ. ಅವನ ಹಿಂದೆ ಇನ್ನು ಕೆಲವರು ಹೋದರು. ಮರುವಾರವೇ ಗೋಣಿಯ ಪರದೆ ಬಂತು. ಅದಕ್ಕೀಗ ಹತ್ತು ವರ್ಷ. ನಾನು ಬರೆದರೆ ಗಿರಾಕಿಗಳು ಮತ್ತೆ ಹೊರಟುಹೋಗುತ್ತಾರೆ, ಮನೆಯಲ್ಲಿ ಒಲೆ ಉರಿಯುವುದೇ ಗಾಲಿಯಿಂದ ಎಂಬುದು ಕೆಂಪಪ್ಪನ ಹೆದರಿಕೆ. ನನಗೆ ಸಿಟ್ಟು ಬಂತು. ಆದರೆ ಬರೆದು ಬಸ್ಸು ಹತ್ತಿ ಹೋಗುವವನು ನಾನು, ಅನುಭವಿಸುವವರು ಅವರು. ಬರೆಯುವುದಿಲ್ಲವೆಂದು ಮಾತು ಕೊಟ್ಟೆ. ಉಚ್ಚಂಗಮ್ಮ ಗಾಲಿ ತಿರುಗಿಸುತ್ತಲೇ ಇದ್ದರು.

ಆ ವಾರ ಅವರ ತಲೆ ತಿನ್ನುತ್ತಿದ್ದದ್ದು ಬೇರೆಯೇ ಒಂದು ಗಾಲಿ. ಅದರ ಒಡೆಯ ನಾಗರಾಜಪ್ಪ, ಸೊರಬ ತಾಲ್ಲೂಕಿನಲ್ಲಿ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವ ನೌಕರ. ಉಳವಿಯಿಂದ ಚಂದ್ರಗುತ್ತಿಯವರೆಗೆ ದಾಕಿನ ಪೆಟ್ಟಿಗೆ ಕಟ್ಟಿಕೊಂಡು ಸೈಕಲ್ ತುಳಿಯುವವರು. ಚಂದ್ರಗುತ್ತಿಯ ಏರು ಅವರ ಮೊಣಕಾಲನ್ನು ಅರೆದುಬಿಟ್ಟಿತ್ತು. ಕೊನೆಗೆ ಮುಂಬಯಿಯಲ್ಲಿರುವ ಭಾವನಿಂದ ಮೂರು ವೇಗದ ಗೇರಿರುವ ವಿಲಾಯಿತಿ ಹಬ್ ತರಿಸಿಕೊಂಡರು. ಹಬ್ ಎಂದರೆ ಕಡ್ಡಿಗಳೆಲ್ಲ ಬಂದು ಸೇರುವ ಗಾಲಿಯ ನಡುಭಾಗ. ಅದರ ಹೊಟ್ಟೆಯೊಳಗೇ ಹಲ್ಲಿನ ಚಕ್ರಗಳಿವೆ. ಹ್ಯಾಂಡಲಿನ ಬಳಿಯ ಸಣ್ಣ ಹಿಡಿಯನ್ನು ಒತ್ತಿದರೆ ಏರಿನಲ್ಲಿ ತುಳಿತ ಹಗುರಾಗುತ್ತದೆ. ಪರದೇಶದ ರೇಸುಗಳಲ್ಲಿ ಸರಪಳಿಯೇ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಹತ್ತು ವೇಗದ ಸೈಕಲ್ಲುಗಳೂ ಇವೆ ಎಂದು ನಮ್ಮ ಪತ್ರಿಕೆಯ ಕಚೇರಿಗೆ ಸುದ್ದಿ ಬರುತ್ತಿರುತ್ತದೆ. ಶಿಕಾರಿಪುರದ ಮಟ್ಟಿಗೆ ಮೂರೇ ಬೆರಗು. ನಾಗರಾಜಪ್ಪ ಗೇರು ತರಿಸಿದ್ದಾರೆಂದು ಕೇಳಿ, ಹುರಿದದ್ದೋ ಹಸಿಯದೋ ಎಂದು ವಿಚಾರಿಸಿದವರೂ ಉಂಟು.

ತೊಂದರೆ ಏನೆಂದರೆ, ಈ ಹಬ್ಬು ನಮ್ಮ ಸಾದಾ ಹಬ್ಬಿಗಿಂತ ದಪ್ಪ. ಇರುವ ಕಡ್ಡಿಗಳು ಅದಕ್ಕೆ ಉದ್ದವಾಗುತ್ತವೆ, ತಕ್ಕ ಅಳತೆಯವು ಶಿವಮೊಗ್ಗದಲ್ಲೂ ಇಲ್ಲ. ಗಣರಾಜ್ಯೋತ್ಸವದಂದು ಶಿಕಾರಿಪುರದಿಂದ ಸೊರಬಕ್ಕೆ ಸೈಕಲ್ ಪಂದ್ಯವೆಂದು ಯುವಕ ಸಂಘದವರು ಸಾರಿದ್ದಾರೆ, ನಾಗರಾಜಪ್ಪ ಗೇರ್ ಸೈಕಲ್ಲಿನಲ್ಲೇ ಓಡುತ್ತೇನೆಂದು ಹೆಸರು ಕೊಟ್ಟುಬಿಟ್ಟಿದ್ದಾರೆ. ಸೊರಬದಲ್ಲಿ ಸೈಕಲ್ ಅಂಗಡಿಯಿರುವ ಬೆನಕಪ್ಪ, ಆ ಗಾಲಿ ಶಿರಾಳಕೊಪ್ಪವನ್ನೂ ಮುಟ್ಟುವುದಿಲ್ಲವೆಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾರೆ. ಹಬ್ಬನ್ನು ವಾಪಸ್ಸು ಕೊಟ್ಟುಬಿಡೋಣವೆಂದು ಕೆಂಪಪ್ಪ. ದಾರಿಯ ಮೇಲೆ ಗಾಲಿ ಮುರಿದರೆ ಹತ್ತು ವರ್ಷದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲು.

ನಾನು ಮಾರನೆಯ ಬೆಳಗ್ಗೆ ಹೋದಾಗ ಉಚ್ಚಂಗಮ್ಮ ಜಗಲಿಯ ಮೇಲೆ ಗಾಲಿ ಕಟ್ಟಿ ಮುಗಿಸುತ್ತಿದ್ದರು. ಅದೇ ಹಬ್ಬು, ಅದೇ ಉದ್ದದ ಕಡ್ಡಿಗಳು. ಹೇಗೆ ಕೂತವೆಂದು ಕೇಳಿದೆ.

‘ಬುಟ್ಟಿ ತಳ ಅಗಲ ಆದ್ರೆ ಬಿದಿರಿನ ಸೀಳು ಉಳೀತೈತಿ. ಉಳಿದ್ರೆ ಕೊಯ್ಯಬ್ಯಾಡ, ಇನ್ನೊಂದರ ಮ್ಯಾಲೆ ದಾಟಿಸು ಅಂತಿದ್ಲು ನಮ್ಮವ್ವ’ ಎಂದರು. ‘ಎರಡರ ಮ್ಯಾಲೆ ಹೋಗೋದನ್ನ ಮೂರರ ಮ್ಯಾಲೆ ಕಳ್ಸಿ, ನಾಲ್ಕನೇದರ ಕೆಳಗೆ ಹಾಯಿಸೀನಿ. ಓರೆ ಜಾಸ್ತಿ ಆತು, ಉದ್ದ ಅಲ್ಲೇ ಖರ್ಚಾತು.’

ಬಸ್ಸಿನ ಹಾರನ್ನು ಕೇಳಿತು. ಗಾಲಿ ಎತ್ತಿಕೊಂಡು ಒಳಗೆ ಹೋದರು.

ಪಂದ್ಯದ ಬೆಳಗ್ಗೆ ಉಚ್ಚಂಗಮ್ಮ ಪರದೆಯ ಸಂದಿಯಿಂದ ನಾಗರಾಜಪ್ಪನ ಹಿಂಗಾಲಿಯನ್ನು ರಸ್ತೆ ತಿರುಗುವವರೆಗೂ ನೋಡಿದರು. ಗಾಲಿ ಹೋಗುವುದು ಇಪ್ಪತ್ತೈದು ಮೈಲಿ, ಅವರು ನೋಡಬಲ್ಲದ್ದು ಇಷ್ಟೇ. ಸೊರಬಕ್ಕೆ ಬರುವುದಿಲ್ಲವೇ ಎಂದರೆ, ಅಂಗಡಿ ನೋಡಿಕೊಳ್ಳುವವರು ಯಾರು ಎಂದು ಕೇಳಿ ಒಳಗೆ ಹೋದರು. ನಾನೂ ಕೆಂಪಪ್ಪನೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆ ಬದಿಯಲ್ಲಿ ಸೈಕಲ್ ಮಲಗಿಸಿಕೊಂಡು ಕೂತವರನ್ನೆಲ್ಲ ನೋಡುತ್ತಿದ್ದರು. ಶಿರಾಳಕೊಪ್ಪ ದಾಟಿತು, ನಾಗರಾಜಪ್ಪ ಎಲ್ಲೂ ಕೂತಿರಲಿಲ್ಲ. ಅಲ್ಲಿಂದ ಮುಂದೆ ಹೊಸದಾಗಿ ಜಲ್ಲಿ ಸುರಿದ ರಸ್ತೆ. ಅಲ್ಲಿ ನಾಲ್ವರು ಕೂತಿದ್ದರು, ಒಬ್ಬನ ಗಾಲಿ ಹಪ್ಪಳದಂತೆ ಮಡಚಿತ್ತು. ಅವರಲ್ಲೂ ನಾಗರಾಜಪ್ಪ ಇರಲಿಲ್ಲ. ಆಮೇಲೆ ಕೆಂಪಪ್ಪ ಕಣ್ಣು ಮುಚ್ಚಿ ಕೂತುಬಿಟ್ಟರು.

ನಾಗರಾಜಪ್ಪ ಗೆಲ್ಲಲಿಲ್ಲ, ಎರಡನೆಯವರಾಗಿ ಬಂದರು. ಗೆದ್ದವನಿಗೆ ಹಾರ ಬಿತ್ತು, ಆದರೆ ಜನವೆಲ್ಲ ಗೇರ್ ಸೈಕಲ್ಲಿನ ಸುತ್ತ ನೆರೆದಿತ್ತು. ಸೊರಬದ ಬಸ್ ನಿಲ್ದಾಣದಲ್ಲಿ ಬೆನಕಪ್ಪ ತಾವೇ ಆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ ಹಿಂಗಾಲಿ ತಿರುಗಿಸಿದರು. ಬೆರಳನ್ನು ರಿಮ್ಮಿಗೆ ತಾಕಿಯೂ ತಾಕದಂತೆ ಹಿಡಿದರು. ಗಾಲಿ ಅತ್ತಿತ್ತ ಅಲುಗಲಿಲ್ಲ. ಬೆರಳು ತೆಗೆದು ಕಡ್ಡಿಗಳನ್ನು ನೋಡಿದರು, ಬಗ್ಗಿ ಮತ್ತೆ ನೋಡಿದರು.

‘ಇದೆಂಥದು ಮಾರಾಯ? ಗಾಲಿ ಕಟ್ಟಿದೀಯೋ, ಬುಟ್ಟಿ ಹೆಣೆದಿದೀಯೋ?’ ಎಂದರು.

ಸುತ್ತಲಿದ್ದವರು ನಕ್ಕರು. ಬುಟ್ಟಿ ಎಂಬ ಮಾತಿನಿಂದ ತಪ್ಪಿಸಿಕೊಳ್ಳಲು ಜೀವಮಾನವೆಲ್ಲ ಒದ್ದಾಡಿದ ಮನುಷ್ಯನಿಗೆ, ಬಂದ ಹೊಗಳಿಕೆಯೂ ಅದೇ ಮಾತಿನಲ್ಲಿ ಬಂದಿತ್ತು. ಕೆಂಪಪ್ಪ ತಲೆ ತಗ್ಗಿಸಿದರು. ನಕ್ಕು ಸುಮ್ಮನಾಗಿದ್ದರೆ ಗಾಲಿಯ ಹೆಸರು ಅವರಿಗೇ ದಕ್ಕುತ್ತಿತ್ತು, ಗಿರಾಕಿಗಳು ಎಲ್ಲಿಗೂ ಹೋಗುತ್ತಿರಲಿಲ್ಲ. ಅವರು ತಲೆ ಎತ್ತಿದರು.

‘ಬುಟ್ಟೀನೇ ಬೆನಕಪ್ಪಾರೆ. ಬುಟ್ಟಿ ಹೆಣೆಯೋ ಕೈಯೇ ಇದನ್ನ ಹೆಣೆದಿರೋದು. ನನ್ನ ಕೈ ಅಲ್ಲ, ನಮ್ಮನಿಯಾಕಿ ಉಚ್ಚಂಗಮ್ಮಂದು. ಹತ್ತು ವರ್ಷದಿಂದ ನಮ್ಮ ಅಂಗಡ್ಯಾಗೆ ಗಾಲಿ ಕಟ್ಟೋದೆಲ್ಲ ಆಕಿನೇ.’

ನಗು ನಿಂತಿತು. ಹಾಗಾದರೆ ತನ್ನ ಸೈಕಲ್ಲಿನ ಗಾಲಿಯೂ ಹೆಂಗಸು ಕಟ್ಟಿದ್ದೇ ಎಂದು ಯಾರೋ ಗೊಣಗಿದರು. ಬೆನಕಪ್ಪ ಗಾಲಿಯನ್ನು ಇನ್ನೊಮ್ಮೆ ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೂ ನೋಡುತ್ತ ನಿಂತರು. ವಾಪಸು ಬರುವಾಗ ಕೆಂಪಪ್ಪ ಕಿಟಕಿಯ ಕಡೆ ನೋಡಲೇ ಇಲ್ಲ. ಅವಳನ್ನು ಕೇಳದೆ ಹೇಳಿಬಿಟ್ಟೆ, ನಾಳೆಯಿಂದ ಅಂಗಡಿಯ ಗತಿ ಏನೋ ಎಂದು ಒಂದೇ ಸಮನೆ ಹಲುಬಿದರು. ಆ ಸೀಟಿನಲ್ಲಿ ಕೂತು ಹಲುಬುತ್ತಿದ್ದ ಮನುಷ್ಯನ ಮೇಲೆ ನನಗೆ ಬಂದ ಪ್ರೀತಿಯನ್ನು ಇಲ್ಲಿ ಹೇಳದೆ ಇರಲಾರೆ.

ಅಂಗಡಿಯ ಗತಿ ತಿಳಿಯಲೆಂದೇ ಫೆಬ್ರವರಿಯಲ್ಲಿ ಮತ್ತೊಮ್ಮೆ ಹೋದೆ. ಅಡಿಕೆ ಮಂಡಿಯ ಗುಮಾಸ್ತರಿಬ್ಬರು ತಮ್ಮ ಸೈಕಲ್ಲುಗಳನ್ನು ಬೇರೆ ಅಂಗಡಿಗೆ ಸಾಗಿಸಿದ್ದಾರೆ. ದಿನವೂ ಬರುತ್ತಿದ್ದ ಹಾಲಿನವನೊಬ್ಬ ತಲೆ ತಪ್ಪಿಸಿಕೊಂಡು ಓಡಾಡುತ್ತಾನೆ. ಎಲ್ಲವೂ ಸುಖಾಂತವಾಯಿತೆಂದು ಬರೆಯಲು ನನಗೂ ಆಸೆಯಿದೆ, ಆದರೆ ಹೋದವರು ಹೋಗಿದ್ದಾರೆ.

ಬೆಳಗಿನ ಹೊತ್ತು. ಉಚ್ಚಂಗಮ್ಮ ಜಗಲಿಯ ಮೇಲೆ ಕೂತು ಬೆಂಡು ತೆಗೆಯುತ್ತಿದ್ದಾರೆ. ಸೊರಬದ ಬಸ್ಸಿನ ಹಾರನ್ನು ಕೇಳುತ್ತದೆ. ಅವರ ಕೈ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಮತ್ತೆ ಗಾಲಿ ತಿರುಗಿಸುತ್ತದೆ. ಅವರು ಏಳುವುದಿಲ್ಲ. ಹಿಂದೆ ಗೋಣಿಯ ಪರದೆಯೂ ಇಲ್ಲ, ಅದು ಕೆಳಗೆ ಅವರು ಕೂತ ಜಾಗದಲ್ಲಿ ಹಾಸಿದೆ. ಬಸ್ಸಿನ ಮೇಲಿಂದ ಕ್ಲೀನರ್ ಹಗ್ಗ ಬಿಚ್ಚಿ ಸೊಟ್ಟಗಾದ ಎರಡು ಗಾಲಿಗಳನ್ನು ಇಳಿಸುತ್ತಾನೆ.

‘ಉಚ್ಚಂಗಮ್ಮಾರ ಗಾಲಿ’ ಎಂದು ಕಂಡಕ್ಟರ್ ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗುತ್ತಾನೆ. ‘ಸೊರಬದ ಬೆನಕಪ್ಪಾರು ಕಳ್ಸಿದಾರೆ. ಅಮ್ಮಾರ ಕೈಗೇ ಕೊಡ್ಬೇಕಂತೆ.’

ಉಚ್ಚಂಗಮ್ಮ ಎದ್ದುಹೋಗಿ ಗಾಲಿಗಳನ್ನು ಇಸಿದುಕೊಂಡು ಬರುತ್ತಾರೆ. ಒಂದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇದು ಜಲ್ಲಿ ಹಾಕಿದ ಕಡೆ ಕೆಟ್ಟದ್ದು ಎನ್ನುತ್ತಾರೆ. ಆ ರಸ್ತೆಯ ಗುಂಡಿಗಳೆಲ್ಲ ಅವರಿಗೆ ಕೈಗೆ ಬಂದ ಗಾಲಿಗಳಿಂದ ಗೊತ್ತು. ನಾನು ಕೊಟ್ಟ ಮಾತನ್ನು ನೆನಪಿಸಿ, ಈಗಲಾದರೂ ಬರೆಯಬಹುದೇ ಎಂದು ಕೇಳುತ್ತೇನೆ. ಒಳಗೆ ಪಂಕ್ಚರ್ ಹಾಕುತ್ತಿದ್ದ ಕೆಂಪಪ್ಪ, ತನ್ನನ್ನು ಕೇಳಬೇಡಿ, ಆಕೆಯನ್ನೇ ಕೇಳಿ ಎನ್ನುತ್ತಾರೆ. ಉಚ್ಚಂಗಮ್ಮ ಗಾಲಿಯನ್ನು ಫೋರ್ಕಿಗೆ ಸಿಕ್ಕಿಸಿ ಕೀಲಿ ಕೈಗೆತ್ತಿಕೊಳ್ಳುತ್ತಾರೆ.

‘ಬರೀರಿ. ಆದ್ರೆ ನಮ್ಮವ್ವನ ಹೆಸ್ರೂ ಹಾಕ್ರಿ, ಸುಂಕಲಮ್ಮ ಅಂತ. ಚಂದ್ರಗುತ್ತ್ಯಾಗೆ ಇನ್ನೂ ಬುಟ್ಟಿ ಹೆಣೀತಾಳೆ. ನಾನು ಗಾಲಿ ಕಟ್ತೀನಿ ಅಂತ ಅವ್ಳಿಗೂ ಹೇಳಿರ್ಲಿಲ್ಲ. ಓದಾಕೆ ಬರಲ್ಲ ಅವ್ಳಿಗೆ. ನಾಗರಾಜಪ್ಪಾರು ಪೇಪರ್ ತಗಂಡು ಏರು ಹತ್ತಿ ಹೋಗಿ ಓದಿ ಹೇಳ್ತೀನಿ ಅಂದಾರೆ, ಗಾಲೀನೂ ತೋರಿಸ್ತಾರಂತೆ. ಹೆಣಿಗೆ ಅವ್ಳದು ಅಂತ ಬರೀರಿ. ಕಬ್ಬಿಣ ಅಷ್ಟೇ ನಂದು.’