ಸಹಿ ಮಾಡಿಸಲು ಹೋದ ಶನಿವಾರ

ಕೊರೊನಾ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ಮರುವರ್ಷದ ಮಾತು. ನಾನಾಗ ಬಾಳ್ಳುಪೇಟೆಯಿಂದ ಏಳು ಕಿಲೋಮೀಟರ್ ಒಳಗಿದ್ದ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಸರ್ವಿಸ್ ಹತ್ತೊಂಬತ್ತು ವರ್ಷವಾಗಿತ್ತು. ನನಗೆ ತಾಳ್ಮೆ ಕಡಿಮೆ. ಬೋರ್ಡಿನ ಮೇಲೆ ಮೂರು ಸಲ ಬಿಡಿಸಿ ತೋರಿಸಿದರೂ ಅರ್ಥವಾಗದಿದ್ದರೆ ತಪ್ಪು ಮಗುವಿನದೇ ಎಂದು ನಂಬಿದ್ದೆ.

ಹತ್ತನೇ ತರಗತಿಯ ಚಂದ್ರಿಕಾ ಆ ವರ್ಷದ ನನ್ನ ತಲೆನೋವು. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ಎಂಬತ್ತಕ್ಕೆ ಒಂಬತ್ತು ಅಂಕ. ಪಾಸಾಗಲು ಇಪ್ಪತ್ತೆಂಟು ಬೇಕು. ಪ್ರಶ್ನೆ ಕೇಳಿದರೆ ಎದ್ದು ನಿಂತು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಶನಿವಾರವಂತೂ ಶಾಲೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಹಿಂದಿನ ವರ್ಷ ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂದಿತ್ತು. ಅದನ್ನು ಉಳಿಸಿಕೊಳ್ಳಲು ಹೆಡ್‌ಮಾಸ್ಟರು ಒಂದು ದಾರಿ ಹುಡುಕಿದರು. ಹಾಜರಾತಿ ಸಾಲದ ಕಾರಣ ಮಗಳನ್ನು ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಚಂದ್ರಿಕಾಳ ಅಪ್ಪನಿಂದಲೇ ಸಹಿ ಹಾಕಿಸಿಕೊಳ್ಳುವುದು. ಟೈಪಾದ ಪತ್ರ ನನ್ನ ಕೈಗೆ ಬಂತು. ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಒಂದು ಭಾರ ಇಳಿದಂತಾಯಿತು. ಹೀಗೆ ಒಂದು ವರ್ಷ ನಿಂತ ಹೆಣ್ಣುಮಕ್ಕಳು ಮತ್ತೆ ಪುಸ್ತಕ ಹಿಡಿಯುವುದು ಅಪರೂಪವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಶನಿವಾರ ಬೆಳಗಿನ ತರಗತಿ ಮುಗಿಸಿ ಅವರ ಮನೆಗೆ ಹೋದೆ. ಬೀಗ ಹಾಕಿತ್ತು. ಅಪ್ಪ ಧರ್ಮಪ್ಪನವರು ಪಕ್ಕದ ಎಸ್ಟೇಟಿನಲ್ಲಿ ಗೂಟ ಹೊಡೆಯುತ್ತಿದ್ದಾರೆಂದು ಯಾರೋ ಹೇಳಿದರು. ಹೊಸದಾಗಿ ಕಾಫಿ ಗಿಡ ಹಾಕುವ ಮುನ್ನ ಗುಂಡಿಗಳು ಎಲ್ಲಿ ಬರಬೇಕೆಂದು ಹಗ್ಗ ಎಳೆದು ಗೂಟದಿಂದ ಗುರುತು ಮಾಡುತ್ತಾರೆ. ಮೊದಲ ಮೂಲೆ ತೊಂಬತ್ತು ಡಿಗ್ರಿ ಇರದಿದ್ದರೆ ಸಾಲುಗಳೆಲ್ಲ ಸೊಟ್ಟ. ಸುತ್ತಲಿನ ಎಸ್ಟೇಟುಗಳಲ್ಲಿ ಆ ಕೆಲಸಕ್ಕೆ ಧರ್ಮಪ್ಪನವರೇ ಬೇಕು.

ಹಗ್ಗದ ಒಂದು ತುದಿ ಅವರ ಕೈಯಲ್ಲಿತ್ತು, ಇನ್ನೊಂದು ಚಂದ್ರಿಕಾಳ ಕೈಯಲ್ಲಿ. ನಾನು ಬಂದದ್ದನ್ನು ಅವಳು ನೋಡಲಿಲ್ಲ.

"ಅಪ್ಪಾ, ಮೂಲೆ ಕೂರ್ಲಿಲ್ಲ. ಆ ಗೂಟ ಕಿತ್ತು ಈ ಕಡೀಕೆ ಹೊಡಿ!" ಎಂದು ಅಪ್ಪನಿಗೇ ಗದರಿದಳು.

ಇವಳಿಗೆ ಇಷ್ಟು ದೊಡ್ಡ ದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಹತ್ತಿರ ಹೋಗಿ, ಮೂಲೆ ಸರಿಯಿಲ್ಲವೆಂದು ಹೇಗೆ ತಿಳಿಯಿತೆಂದು ಕೇಳಿದೆ. ಮೊದಲು ಬೆಚ್ಚಿಬಿದ್ದಳು, ಆಮೇಲೆ ಹೇಳಿದಳು.

"ಮೂಲೆಯಿಂದ ಇತ್ಲಾಗೆ ಒಂಬತ್ತಡಿ, ಅತ್ಲಾಗೆ ಹನ್ನೆರಡಡಿ ಅಳ್ದು ಗೂಟ ಹೊಡೀತೀವಿ ಮೇಡಂ. ಆ ಎರಡು ಗೂಟದ ಮಧ್ಯೆ ಹದಿನೈದಡಿ ಬಂದ್ರೆ ಮೂಲೆ ಸರಿ ಐತೆ ಅಂತ."

"ಮೂರು, ನಾಲ್ಕು, ಐದು ಅಡಿ ಹಿಡಿದರೆ ಆಗಲ್ವಾ?"

"ಆಯ್ತದೆ, ಮೂಲೆ ಅದೇ ಬರ್ತದೆ. ಆದ್ರೆ ಚಿಕ್ಕದು ಹಿಡಿದ್ರೆ ಒಂಚೂರು ತಪ್ಪಿದ್ರೂ ದೂರಕ್ಕೋಗ್ತಾ ಸಾಲು ಓಡೋಗ್ಬುಡ್ತದೆ. ಅದ್ಕೇ ಎಲ್ಲಾನೂ ಮೂರುಪಟ್ಟು ಮಾಡ್ಕೊತೀವಿ."

ಪೈಥಾಗೊರಸ್ ಪ್ರಮೇಯ ಮತ್ತು ಸಮರೂಪ ತ್ರಿಭುಜಗಳು. ಎರಡಕ್ಕೂ ಸೇರಿ ನಾನು ಮೂರು ವಾರ ಸೀಮೆಸುಣ್ಣ ಸವೆಸಿದ್ದೆ. ನನಗೆ ನಾಚಿಕೆಯಾಯಿತು.

"ಏನ್ ಬಂದ್ರಿ ಮೇಡಂನೋರೇ? ಸೈನ್ ಏನಾರ ಬೇಕಿತ್ತಾ?" ಎಂದರು ಧರ್ಮಪ್ಪ, ನನ್ನ ಕೈಯಲ್ಲಿದ್ದ ಕಾಗದ ನೋಡಿ.

"ಬೇಡ. ಇನ್ನು ಮೇಲೆ ಶನಿವಾರ ಇವಳನ್ನ ಶಾಲೆಗೆ ಕಳಿಸಿ, ಸಾಕು."

"ಪಾಸಾಯ್ತಾಳಾ? ಸುಳ್ಳು ಹೇಳ್ಬ್ಯಾಡಿ."

"ಗೊತ್ತಿಲ್ಲ. ಆದರೆ ಪರೀಕ್ಷೆ ಬರೀತಾಳೆ," ಎಂದೆ.

ಸೋಮವಾರ ನಾನು ಮಾಡಿದ್ದು ಶುದ್ಧ ಪೆದ್ದುತನ. ದೊಡ್ಡ ಮದ್ದು ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ಗಣಿತದಲ್ಲಿ ಹಿಂದಿದ್ದ ಎಂಟೂ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಹಗ್ಗ ಹಿಡಿಸಿದೆ. ಆನೇಮಹಲ್ ಕಡೆಯಿಂದ ಬರುತ್ತಿದ್ದ ನಿಸರ್ಗಾ ಹತ್ತೇ ನಿಮಿಷದಲ್ಲಿ ಅಳಲು ಶುರುಮಾಡಿದಳು. "ಹಗ್ಗ ನೋಡಿದ್ರೆ ಇದ್ದಿದ್ದೂ ಮರ್ತೋಗ್ತದೆ ಮೇಡಂ. ನೀವು ಬಾಯಲ್ಲಿ ಹೇಳಿ, ನಾನು ಹಿಂದೇನೇ ಹೇಳ್ತೀನಿ." ಸಿಟ್ಟು ನೆತ್ತಿಗೇರಿತು. ಆದರೂ ಅವಳು ಹೇಳಿದಂತೆ ಮಾಡಿದೆ. ನಾಲ್ಕನೇ ಸಲಕ್ಕೆ ಹಂತಗಳನ್ನು ತಾನೇ ಗುನುಗುತ್ತಾ ಲೆಕ್ಕ ಬಿಡಿಸಿದಳು. ಚಂದ್ರಿಕಾಳಿಗೆ ಬೋರ್ಡನ್ನು ಹೇರಿದ್ದು ಸಾಲದೆಂದು ನಾನು ಉಳಿದ ಏಳು ಜನಕ್ಕೆ ಹಗ್ಗ ಹೇರಲು ಹೊರಟಿದ್ದೆ.

ಚಂದ್ರಿಕಾಳ ದಾರಿಯೂ ಸಲೀಸಾಗಿರಲಿಲ್ಲ. ಮೈದಾನದಲ್ಲಿ ರಾಣಿಯಂತಿದ್ದವಳು ಕಾಗದದ ಮೇಲಿನ ತ್ರಿಭುಜ ಕಂಡರೆ ಮತ್ತೆ ಮೂಕಿ. ಪರೀಕ್ಷಾ ಕೊಠಡಿಗೆ ಹಗ್ಗ ಒಯ್ಯುವಂತಿಲ್ಲವಲ್ಲ. ಅದಕ್ಕೆ ಡೆಸ್ಕಿನ ಮೇಲೆ ಬೆಂಕಿಕಡ್ಡಿ, ದಾರ ಇಟ್ಟು "ಗೂಟ ಎಲ್ಲಿ ಹೊಡೀತೀಯ?" ಎಂದು ಕೇಳತೊಡಗಿದೆ. ಕೆಲವು ದಿನದ ಮೇಲೆ ದಾರ ತೆಗೆದೆ. ಮುಂದಿನ ವಾರ ಕಡ್ಡಿಗಳ ಬದಲು ಕಾಗದದ ಮೇಲೆ ಚುಕ್ಕಿ ಇಡಿಸಿದೆ. ಕೊನೆಗೆ ಪಠ್ಯದ ಚಿತ್ರವೂ ಅವಳಿಗೆ ನೆಲದಂತೆ ಕಾಣತೊಡಗಿತು.

ಎರಡನೇ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇಪ್ಪತ್ತನಾಲ್ಕು ಬಂತು. ಹೆಡ್‌ಮಾಸ್ಟರು ಕರೆಸಿದರು. "ಇನ್ನೂ ನಾಲ್ಕು ಕಡಿಮೆ ಇದೆಯಲ್ರೀ, ಆ ಪತ್ರ ಎಲ್ಲಿ?"

"ಹರಿದು ಹಾಕಿದೆ ಸಾರ್. ಒಂಬತ್ತರಿಂದ ಇಲ್ಲಿಗೆ ಬಂದಿದ್ದಾಳೆ. ಫೇಲಾದರೆ ಅದು ನನ್ನ ಫೇಲು ಅಂತ ನಾನೇ ಬರೆದುಕೊಡ್ತೀನಿ."

ಬರೆದೂ ಕೊಟ್ಟೆ. ಎರಡು ವಾರ ಅವರು ನನ್ನೊಡನೆ ಮಾತಾಡಲಿಲ್ಲ. ಹಾಲ್ ಟಿಕೆಟ್ ಮಾತ್ರ ಬಂತು.

ಫಲಿತಾಂಶದ ದಿನ ಧರ್ಮಪ್ಪನವರೇ ಫೋನ್ ಮಾಡಿದರು. "ಮೂವತ್ತಾರು ಬಂದೈತೆ ಮೇಡಂನೋರೇ! ಪಾಸಾಗ್ಬುಟ್ಳು ಕಣ್ರೀ!" ನನಗೆ ಅಳು ತಡೆಯಲಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಅತ್ತೆ.

ಮಗು ಕಲಿಯುತ್ತಿಲ್ಲವೆಂದರೆ ನಾನು ಕಲಿಸುವ ರೀತಿ ಅದಕ್ಕೆ ತಲುಪಿಲ್ಲ ಎಂದರ್ಥ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಮಾರನೆಯ ದಿನ ಬೀರು ತೆಗೆದು ಹತ್ತೊಂಬತ್ತು ವರ್ಷಗಳ ನನ್ನ ತರಗತಿಗಳ ಅಂಕಪಟ್ಟಿಗಳನ್ನು ತಿರುವಿಹಾಕಿದೆ. ಏಳು ಅಂಕ, ಹನ್ನೊಂದು ಅಂಕ, ಪರೀಕ್ಷೆಗೇ ಕೂರದವರು. ಆ ಹೆಸರುಗಳ ಮುಂದೆಲ್ಲ ನನ್ನ ದುಂಡು ಅಕ್ಷರದಲ್ಲಿ 'ಗ್ರಹಿಕೆ ಕಡಿಮೆ' ಎಂದು ಬರೆದಿತ್ತು. ಅವರಲ್ಲಿ ಒಬ್ಬರ ಮನೆಗೂ ನಾನು ಹೋಗಿರಲಿಲ್ಲ.